ಒಂದು ಹೂಂ, ನಾಲ್ಕು ಟ್ಯಾಬ್

ಬ್ಯಾಂಕಿನ ಆ ವೆಬ್ ಪುಟದಲ್ಲಿ ನಾಲ್ಕು ಟ್ಯಾಬ್‌ಗಳಿದ್ದವು ಎಂದು ಬರೆಯುತ್ತಿದ್ದೇನೆ. ಮೊದಲು ಐದಿದ್ದು ಆಮೇಲೆ ಒಂದನ್ನು ತೆಗೆದಿದ್ದೆವೋ ಏನೋ. ಅತ್ಯಾ ಆ ದಿನ ಫೋನಿನಲ್ಲಿ ನಕ್ಕರು ಎಂದು ನೆನಪು. ಆ ನಗು ಬೇರೆ ಯಾವುದೋ ದಿನದ್ದಾಗಿದ್ದು, ನಾನೇ ಇಲ್ಲಿಗೆ ತಂದು ಜೋಡಿಸಿರಲೂಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಅದರಿಂದ ಆಗಿರುವ ಲಾಭವೆಂದರೆ, ಬರೆದದ್ದಕ್ಕೂ ನೆನಪಿರುವುದಕ್ಕೂ ತಾಳೆಯಾಗುವುದಿಲ್ಲ ಎಂಬುದು ನನಗೆ ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ. ಆ ವಾರದ ಪುಟಗಳಲ್ಲಿ ನನ್ನ ನೆಗಡಿಯ ಬಗ್ಗೆ ಇದೆ, ಮನೆಯ ನೀರಿನ ಟ್ಯಾಂಕಿಯ ಬಗ್ಗೆ ಇದೆ. ಅತ್ಯಾನ ಬಗ್ಗೆ ಒಂದು ಸಾಲೂ ಇಲ್ಲ. ಆದ್ದರಿಂದ ಇಲ್ಲಿರುವುದೆಲ್ಲ ನೆನಪಿನ ಮೇಲೆ ನಿಂತದ್ದು. ಅವರು ಹೂಂ ಅಂದದ್ದು ಮಾತ್ರ ಖಂಡಿತ.

ಅತ್ಯಾ ಅಂದರೆ ನನ್ನ ಅಪ್ಪನ ತಂಗಿ. ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ಓಝರ್ ಬಳಿಯ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಬಂದು ನಾಸಿಕದವರೇ ಆದರು. ಅತ್ಯಾ ಬ್ಯಾಂಕಿನ ಪರೀಕ್ಷೆ ಪಾಸಾಗಿ, ಎರಡು ಮೂರು ಊರು ವರ್ಗವಾಗಿ, ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ ನೆಲೆಸಿದ್ದರು. ಅವರಿಗೆ ಕಣ್ಣಿನ ಒಳಪರದೆಯ ರೋಗವಿತ್ತು. ಮೊದಲು ಸಂಜೆಯ ಹೊತ್ತು ಕಾಣದಾಯಿತು, ಆಮೇಲೆ ಅಕ್ಕಪಕ್ಕ ಕಾಣದಾಯಿತು. ನಲವತ್ತು ದಾಟುವ ಹೊತ್ತಿಗೆ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಮಾತ್ರ ಉಳಿದಿತ್ತು. ಬ್ಯಾಂಕಿನವರು ಅವರನ್ನು ದೂರುಗಳ ಫೋನಿನ ಮೇಜಿಗೆ ಹಾಕಿದ್ದರು. ಗ್ರಾಹಕರು ಫೋನ್ ಮಾಡಿ ತಮ್ಮ ದೂರಿನ ನಂಬರ್ ಹೇಳಿದರೆ, ಅತ್ಯಾ ಕಂಪ್ಯೂಟರಿನಲ್ಲಿ ಹುಡುಕಿ ಅದು ಎಲ್ಲಿಗೆ ಬಂದಿದೆ ಎಂದು ಹೇಳಬೇಕು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅವರ ಕಿವಿಗೆ ಹಾಕಿದ ಇಯರ್‌ಫೋನಿನಲ್ಲಿ ಮಾತಾಡುತ್ತಿತ್ತು. ಹಳೆಯ ವ್ಯವಸ್ಥೆ ಬರೀ ಅಕ್ಷರಗಳದ್ದು, ಮೇಲಿನಿಂದ ಕೆಳಗೆ ಓದಿದರೆ ಮುಗಿಯಿತು. ಅವರಿಗೆ ಅದು ಕೈವಶವಾಗಿತ್ತು.

ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು, ಬ್ಯಾಂಕು ದೂರುಗಳನ್ನೆಲ್ಲ ಒಂದು ಹೊಸ ವೆಬ್ ಪುಟಕ್ಕೆ ತರಲು ಹೊರಟಿತು. ಆ ಪುಟ ಕಟ್ಟುವ ಕೆಲಸ ಬಂದದ್ದು ನಾನಿದ್ದ ನಾಸಿಕದ ಸಣ್ಣ ಕಂಪನಿಗೆ. ನನಗೆ ಖುಷಿಯಾಯಿತು. ಅತ್ಯಾಗೆ ಫೋನ್ ಮಾಡಿದರೆ ಅವರ ದನಿಯಲ್ಲಿ ಖುಷಿ ಇರಲಿಲ್ಲ.

"ನಮ್ಮ ಮ್ಯಾನೇಜರ್ ಸಾಹೇಬ್ರು ಹೇಳ್ಯಾರ," ಎಂದರು. "ಹೊಸಾದು ಬಂದ ಮ್ಯಾಲೆ ನಡಸ್ಲಿಕ್ಕೆ ಬಂದ್ರ ಇಲ್ಲೇ ಇರ್ರಿ, ಬರ್ಲಿಲ್ಲಂದ್ರ ಮ್ಯಾಲೆ ರೆಕಾರ್ಡ್ ರೂಮಿನ್ಯಾಗ ಆರಾಮ ಕೂಡ್ರಿ ಅಂತ. ಪಗಾರ ಬರ್ತದಂತ, ಕೆಲಸ ಇರೂದಿಲ್ಲಂತ. ನಾ ಅಂದೆ, ಆತು ಸಾಹೇಬ್ರ, ಹಳೇ ಫೈಲಿನ ಧೂಳ ಹೊಡೀವಾಗ ನನಗೂ ಒಂದ್ ಸರ್ತಿ ಹೊಡೀರಿ."

ಅವರು ತಮಾಷೆ ಮಾಡಿದರೆ ಒಳಗೆ ಹೆದರಿದ್ದಾರೆ ಎಂದೇ ಅರ್ಥ. ಇದು ಅಪ್ಪನ ಅಭಿಪ್ರಾಯ, ನಾನು ಒಪ್ಪುತ್ತೇನೆ.

ನಮ್ಮ ವಿನ್ಯಾಸಕ ಬರೆದ ಪುಟ ಕಣ್ಣಿಗೆ ಚೆನ್ನಾಗಿತ್ತು. ಪ್ರತಿ ದೂರಿಗೂ ನಾಲ್ಕು ಭಾಗ: ವಿವರ, ಹಿಂದಿನ ಉತ್ತರಗಳು, ಜೊತೆಗಿಟ್ಟ ಕಾಗದ, ಶಾಖೆಯ ಟಿಪ್ಪಣಿ. ನಾಲ್ಕೂ ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ನಿಂತಿದ್ದವು. ಮೇಲೆ ಫೈಲಿನ ಕಿವಿಗಳಂತೆ ನಾಲ್ಕು ಟ್ಯಾಬ್; ಯಾವುದನ್ನು ಒತ್ತಿದರೆ ಆ ಭಾಗ ಕಾಣುತ್ತದೆ, ಉಳಿದ ಮೂರು ಅಡಗುತ್ತವೆ. ನಾನು ಸ್ಕ್ರೀನ್ ರೀಡರ್ ಹಾಕಿಕೊಂಡು ಅದನ್ನು ಮೊದಲ ಸಲ ಕೇಳಿದಾಗ ಅದು "ಲಿಂಕ್, ಲಿಂಕ್, ಲಿಂಕ್, ಲಿಂಕ್" ಎಂದಿತು. ಎರಡನೆಯದರ ಮೇಲೆ ಎಂಟರ್ ಒತ್ತಿದೆ. ಕಣ್ಣೆದುರು ಪುಟ ಬದಲಾಯಿತು, ಕಿವಿಯಲ್ಲಿ ಏನೂ ಆಗಲಿಲ್ಲ. ಕಾಣದವರ ಪಾಲಿಗೆ ಅದು ಕೆಟ್ಟುಹೋದ ಲಿಂಕು. ಒತ್ತಿದರು, ಏನೂ ಆಗಲಿಲ್ಲ, ಬಿಟ್ಟರು.

ಅದಕ್ಕೆ ಪರಿಹಾರ ಆಗಲೇ ಇತ್ತು, ಹೊಸದು. ಪುಟದ ಒಳಗಿನ ಸಂಕೇತದಲ್ಲಿ, ಇದು ಲಿಂಕಲ್ಲ ಟ್ಯಾಬ್, ಇದು ಟ್ಯಾಬ್‌ಗಳ ಸಾಲು, ಈ ಟ್ಯಾಬಿಗೆ ಸೇರಿದ ಭಾಗ ಇದು, ಈಗ ಆಯ್ಕೆಯಾಗಿರುವುದು ಇದು ಎಂದು ಗುರುತು ಹಾಕಬಹುದಿತ್ತು. ಹಾಗೆ ಹಾಕಿದರೆ ಸ್ಕ್ರೀನ್ ರೀಡರ್ "ಡೀಟೇಲ್ಸ್, ಟ್ಯಾಬ್, ಸೆಲೆಕ್ಟೆಡ್, ಒನ್ ಆಫ್ ಫೋರ್" ಎಂದು ಓದುತ್ತದೆ. ಆಯ್ಕೆಯಾದ ಟ್ಯಾಬ್ ಒಂದಕ್ಕೆ ಮಾತ್ರ ಕೀಲಿಮಣೆಯ ಟ್ಯಾಬ್ ಕೀಲಿಯಿಂದ ಹೋಗಬಹುದು, ಅಲ್ಲಿಂದ ಪಕ್ಕದ ಟ್ಯಾಬಿಗೆ ಎಡ ಬಲದ ಬಾಣದ ಕೀಲಿ. ನಿಯಮ ಹಾಗಿತ್ತು. ನಾನು ನಿಯಮವನ್ನು ಓದಿ ಒಂದಕ್ಷರ ಬಿಡದೆ ಪಾಲಿಸಿದೆ. ಕಣ್ಣು ಮುಚ್ಚಿಕೊಂಡು ಪರೀಕ್ಷಿಸಿದೆ. ಸಲೀಸಾಗಿ ಎಲ್ಲ ಕಡೆ ಹೋಗಿಬಂದೆ. ಪುಟ ಕಟ್ಟಿದವಳಿಗೆ ಕಣ್ಣು ಮುಚ್ಚಿದರೂ ಪುಟ ಕಾಣುತ್ತಲೇ ಇರುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಆಮೇಲೆ ಫೋನ್. ಅತ್ಯಾ ತಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ನಾನು ನಾಸಿಕದ ಆಫೀಸಿನಲ್ಲಿ. ಅವರ ಇಯರ್‌ಫೋನಿನಲ್ಲಿ ಏನು ಕೇಳುತ್ತಿದೆಯೋ ಅದು ನನಗೆ ಕೇಳುತ್ತಿರಲಿಲ್ಲ. ನನಗೆ ಕೇಳುತ್ತಿದ್ದುದು ಅವರು ಮಾತ್ರ.

"ಅತ್ಯಾ, ಮೊದಲನೇದು ವಿವರ. ಅದರ ಬಾಜೂಕ ಹಿಂದಿನ ಉತ್ತರ ಅದರಿ. ಬಲಗಡೆ ಬಾಣ ದಾಬ್ರಿ."

"ದಾಬ್ರಿ ಅಂತ! ನಿನ್ನ ಕನ್ನಡ ಕೇಳಿದ್ರ ನಮ್ಮವ್ವ ಎದ್ದು ಬರ್ತಾಳ. ಒತ್ರಿ ಅನ್ನು."

"ಒತ್ರಿ. ಹಿಂದಿನ ಉತ್ತರ ಬಂತೇನ್ರಿ?"

"ಹೂಂ."

"ಅದರ ಮುಂದ ಕಾಗದ."

"ಹೂಂ."

"ಕಡೀಕ ಟಿಪ್ಪಣಿ. ಎಲ್ಲಾ ಕೇಳಸ್ತದಲ್ರಿ?"

"ಹೂಂ. ಚಂದ ಮಾಡೀಯವಾ. ಇಷ್ಟೆಲ್ಲಾ ಕಲಿತಿ ಅಂತ ನಿಮ್ಮಪ್ಪಗ ಗೊತ್ತದನೋ ಇಲ್ಲೋ."

ಇಲ್ಲಿ ನಕ್ಕರು ಎಂದು ನೆನಪು. ನಾನು ಫೋನಿಟ್ಟು ನಮ್ಮ ಕಂಪನಿಯ ಮುಖ್ಯಸ್ಥರ ಹತ್ತಿರ ಹೋಗಿ, ಆಯ್ತು ಸರ್ ಎಂದೆ. ಅವರು ಹುಟ್ಟಾ ನಾಸಿಕದವರು, ಒಳ್ಳೆಯವರು, ಅವಸರದವರು. ಬ್ಯಾಂಕಿಗೆ ಕಳಿಸಿದ ವರದಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದರು: ಕಣ್ಣು ಕಾಣದ ಒಬ್ಬ ಬ್ಯಾಂಕ್ ನೌಕರರೇ ಪರೀಕ್ಷಿಸಿ ಸರಿಯಿದೆ ಎಂದು ದೃಢಪಡಿಸಿದ್ದಾರೆ. ಆ ಸಾಲನ್ನು ನನಗೆ ತೋರಿಸಿದರು. ನಾನು ಓದಿದೆ. ಸುಳ್ಳೆಂದು ನನಗೆ ಅನ್ನಿಸಲಿಲ್ಲ, ಹೆಮ್ಮೆ ಅನ್ನಿಸಿತು.

ಪುಟ ಬಳಕೆಗೆ ಬಂದ ಕೆಲವೇ ದಿನಗಳಲ್ಲಿ ವೈಜಾಪುರದಿಂದ ಒಬ್ಬ ನಿವೃತ್ತ ಶಿಕ್ಷಕರು ಅತ್ಯಾಗೆ ಫೋನ್ ಮಾಡಿದರು. ಅವರ ಎಟಿಎಂ ಕಾರ್ಡು ಬಂದಿರಲಿಲ್ಲ. ಅತ್ಯಾ ದೂರಿನ ನಂಬರ್ ಹಾಕಿ ಕೇಳಿಸಿಕೊಂಡು, ಕಾರ್ಡು ಇಲ್ಲಿ ಮುಖ್ಯ ಶಾಖೆಯಲ್ಲಿದೆ, ಗುರುತಿನ ಚೀಟಿ ತೆಗೆದುಕೊಂಡು ಬನ್ನಿ ಎಂದರು. ವಿವರದಲ್ಲಿ ಇದ್ದುದು ಅಷ್ಟೇ. ಕಾರ್ಡನ್ನು ಆಗಲೇ ವೈಜಾಪುರ ಶಾಖೆಗೆ ಕಳಿಸಲಾಗಿದೆ ಎಂಬುದು ಹಿಂದಿನ ಉತ್ತರಗಳಲ್ಲಿತ್ತು, ಎರಡನೆಯ ಟ್ಯಾಬಿನಲ್ಲಿ. ಆ ಹಿರಿಯರು ಬಿಸಿಲಿನಲ್ಲಿ ಎಸ್‌ಟಿ ಬಸ್ಸು ಹತ್ತಿ ಬಂದರು. ಕೌಂಟರಿನಲ್ಲಿ ಯಾರೋ ಅದೇ ಪುಟ ತೆರೆದು ನೋಡಿ ನಿಜ ಹೇಳಿದರು. ಅವರು ನೇರ ಅತ್ಯಾನ ಮೇಜಿನ ಮುಂದೆ ಬಂದು ನಿಂತರು.

"ಬಾಯೀ, ಕಾರ್ಡ್ ವೈಜಾಪುರ್ಲಾಚ್ ಹೋತಂ ನಾ! ಮಾಝ್ಯಾ ಘರಾಚ್ಯಾ ಬಾಜೂಲಾ!"

ಮನೆಯ ಪಕ್ಕದಲ್ಲೇ ಇದ್ದ ಕಾರ್ಡಿಗಾಗಿ ಅಷ್ಟು ದೂರ ಬಂದಿದ್ದರು. ಅತ್ಯಾಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಕೂಗುವುದನ್ನು ನಿಲ್ಲಿಸಿದರಂತೆ, ತಪ್ಪಾಯಿತು ತಾಯಿ ಎಂದು ಕೈಮುಗಿದರಂತೆ. "ಬೈದಿದ್ರ ಚಲೋ ಇತ್ತು," ಎಂದರು ಅತ್ಯಾ ನನಗೆ ಹೇಳುವಾಗ.

ಮ್ಯಾನೇಜರು ನಮ್ಮ ಕಂಪನಿಗೆ ಬರೆದರು. ನಮ್ಮ ಸರ್ ಆ ವರದಿಯ ಸಾಲನ್ನೇ ಎತ್ತಿ ಉತ್ತರಿಸಿದರು. ಪುಟ ಸರಿಯಿದೆ, ಕಣ್ಣು ಕಾಣದ ನೌಕರರೇ ಪರೀಕ್ಷಿಸಿದ್ದಾರೆ. ಆ ನೌಕರರು ಯಾರು ಎಂದು ಮ್ಯಾನೇಜರು ಅತ್ಯಾನನ್ನು ಕರೆದು ಕೇಳಿದರು. ಅತ್ಯಾ, ನಾನೇ ಎಂದರು. ಅಂದರೆ ಪುಟದ ತಪ್ಪಿಲ್ಲ. ನೀವೇ ಸರಿಯಿದೆ ಎಂದಿದ್ದೀರಿ, ನಿಮಗೇ ನಡೆಸಲು ಬರುತ್ತಿಲ್ಲ. ಸದ್ಯಕ್ಕೆ ಮೇಲೆ ರೆಕಾರ್ಡ್ ರೂಮಿನಲ್ಲಿ ಕೂತುಕೊಳ್ಳಿ, ಎಂದರು ಮ್ಯಾನೇಜರು. ಸದ್ಯಕ್ಕೆ ಎಂಬ ಮಾತನ್ನು ಅವರು ಮೆತ್ತಗೆ ಹೇಳಿದರಂತೆ.

ನಾನು ರಜೆ ಹಾಕಿ ಬಸ್ಸು ಹಿಡಿದೆ. ದಾರಿಯಲ್ಲಿ ಯೇವಲಾ ದಾಟುವವರೆಗೂ ನನಗೆ ಅತ್ಯಾನ ಮೇಲೆ ಸಿಟ್ಟಿತ್ತು. ಬರಲಿಲ್ಲ ಅಂದಿದ್ದರೆ ಆಗಲೇ ತಿದ್ದುತ್ತಿದ್ದೆನಲ್ಲ, ಯಾಕೆ ಹೂಂ ಅಂದರು? ಆಮೇಲೆ, ಎಲ್ಲಿ ಎಂದು ಹೇಳಲಾರೆ, ಅಜ್ಜಿ ನೆನಪಾದಳು. ಬೇಸಿಗೆ ರಜೆಯಲ್ಲಿ ಓಝರ್‌ನ ಕ್ವಾರ್ಟರ್ಸಿಗೆ ಬಂದಾಗ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿ ಕತೆ ಹೇಳುತ್ತಿದ್ದಳು. "ಹೂಂ ಅನ್ನಬೇಕು ನೋಡ್ರಿ, ಅನ್ಲಿಲ್ಲಂದ್ರ ಕತಿ ನಿಲ್ಲಸ್ತೀನಿ." ನಾವು ಅರ್ಧ ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದೆವು. ರಾಜ ಯಾರು ರಾಣಿ ಯಾರು ಗೊತ್ತಿರುತ್ತಿರಲಿಲ್ಲ. ಆ ಹೂಂ ಅಂದರೆ ತಿಳಿಯಿತು ಎಂದಲ್ಲ. ಎಚ್ಚರಿದ್ದೇನೆ, ನೀನು ಹೇಳು ಎಂದು. ಅತ್ಯಾ ಆ ತಾಯಿಯ ಮಗಳು. ನಾನು ದಿನವಿಡೀ ಮರಾಠಿಯಲ್ಲಿ ಬದುಕಿ, ಹೌದು ಎನ್ನಲು "ಹೋ" ಎಂಬ ಗಟ್ಟಿ ಮಾತು ರೂಢಿಯಾದವಳು. ಅವರ ಹೂಂ ಅನ್ನು ಹಿಡಿದುಕೊಂಡು ಹೋಗಿ ಇಂಗ್ಲಿಷಿನಲ್ಲಿ "ದೃಢಪಡಿಸಿದ್ದಾರೆ" ಮಾಡಿದ್ದೆ. ಅದು ಹೀಗೆಯೇ ಆಯಿತೆಂದು ಹೇಳುತ್ತಿಲ್ಲ. ಹೀಗಾಗಿರಬಹುದು ಎಂದು ಆ ಬಸ್ಸಿನಲ್ಲಿ ಮೊದಲ ಸಲ ಅನ್ನಿಸಿತು.

ಅತ್ಯಾನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಈ ಸಲ ಇಯರ್‌ಫೋನ್ ಕಿತ್ತಿಟ್ಟು, ದನಿ ನನಗೂ ಕೇಳುವಂತೆ ಮಾಡಿದೆ. ಒಂದು ದೂರಿನ ನಂಬರ್ ಕೊಟ್ಟು, "ಇದರಾಗ ಏನದ ಹೇಳ್ರಿ" ಎಂದಷ್ಟೇ ಹೇಳಿ ಬಾಯಿ ಮುಚ್ಚಿ ಕೂತೆ. ಸುಮ್ಮನೆ ಕೂರುವುದು ಸುಲಭವಿರಲಿಲ್ಲ. ಎರಡು ಸಲ ಬಾಯಿ ತೆರೆದು ನುಂಗಿಕೊಂಡೆ.

ಅವರ ಬೆರಳು ಟ್ಯಾಬ್ ಕೀಲಿ ಒತ್ತುತ್ತಾ ಬಂತು. "ಡೀಟೇಲ್ಸ್, ಟ್ಯಾಬ್, ಸೆಲೆಕ್ಟೆಡ್, ಒನ್ ಆಫ್ ಫೋರ್," ಎಂದಿತು ಯಂತ್ರ, ನಾನು ಅರ್ಥ ಮಾಡಿಕೊಳ್ಳಲಾರದಷ್ಟು ವೇಗದಲ್ಲಿ. ಅವರು ಯಾವಾಗಲೂ ಆ ವೇಗದಲ್ಲೇ ಕೇಳುತ್ತಿದ್ದರು. ಅವರು ಮತ್ತೆ ಟ್ಯಾಬ್ ಕೀಲಿ ಒತ್ತಿದರು. ಉಳಿದ ಮೂರು ಟ್ಯಾಬ್‌ಗಳನ್ನು ದಾಟಿ ನೇರ ವಿವರದ ಒಳಗೆ ಇಳಿದರು. ಅದನ್ನು ಪೂರ್ತಿ ಕೇಳಿದರು. ಮತ್ತೆ ಟ್ಯಾಬ್. "ಕ್ಲೋಸ್, ಬಟನ್." ದೂರು ಮುಗಿಯಿತು.

"ಇಷ್ಟಽ," ಎಂದರು.

"ಬಾಣದ ಕೀಲಿ ಯಾಕ ಒತ್ತಲಿಲ್ರಿ?"

"ಅದು ಟ್ಯಾಬ್ ಅಂತದ, ನಾ ಟ್ಯಾಬ್ ಒತ್ತತೀನಿ. ಬಾಗಲಾ ಅಂದಾಗ ಕಿಡಕಿ ತಗೀಲೇನು?"

ನನಗೆ ನಗು ಬಂತು, ತಕ್ಷಣ ಹೋಯಿತು. ಅವರಿಗೆ ಕಂಪ್ಯೂಟರ್ ಕಲಿಸಿದ ತರಗತಿಯಲ್ಲಿ ಟ್ಯಾಬ್ ಎಂದರೆ ಒಂದೇ: ಎಡಗಡೆಯ ಆ ಉದ್ದ ಕೀಲಿ, ಒತ್ತಿದರೆ ಮುಂದಕ್ಕೆ ಹೋಗುವುದು. ಫೈಲಿನ ಕಿವಿಯಂಥ ಟ್ಯಾಬನ್ನು ಅವರು ಯಾವತ್ತೂ ನೋಡಿರಲಿಲ್ಲ. ಅವು ಪರದೆಗಳ ಮೇಲೆ ಬರುವ ಹೊತ್ತಿಗೆ ಅವರ ಕಣ್ಣು ಹೋಗಿತ್ತು. ಯಂತ್ರ ಟ್ಯಾಬ್ ಎಂದಾಗ ಅದು ಒಂದು ವಸ್ತುವಿನ ಹೆಸರು ಹೇಳುತ್ತಿತ್ತು, ಅವರು ಅದನ್ನು ಅಪ್ಪಣೆ ಎಂದು ಕೇಳುತ್ತಿದ್ದರು.

"ಮತ್ತ ಒನ್ ಆಫ್ ಫೋರ್ ಅಂದ್ರ?"

"ಆ ಮನಶ್ಯಾನ ಹೆಸರೀಲೆ ನಾಕು ತಕರಾರ ಅವ, ಇದು ಮೊದಲನೇದು ಅಂತ ತಿಳಕೊಂಡಿದ್ದೆ." ನನ್ನ ಕಡೆ ತಿರುಗಿ ಕೇಳಿದರು: "ಅಲ್ಲೇನು?"

ನಾಲ್ಕು ಭಾಗಗಳ ಹೆಸರನ್ನೂ ನಾನು ಫೋನಿನಲ್ಲಿ ಒಂದೊಂದಾಗಿ ಹೇಳಿದ್ದೆ. ಆಗ ಕೇಳಿಸಿಕೊಂಡು ಈಗ ಮರೆತಿದ್ದರೋ, ಆಗಲೂ ನನ್ನ ದನಿಯನ್ನಷ್ಟೇ ಕೇಳುತ್ತಿದ್ದರೋ? ಆ ಹೊತ್ತಿಗೆ ಕೇಳಲು ಬಾಯಿ ಬರಲಿಲ್ಲ. ಅವರು ಬೆರಳುಗಳನ್ನು ಕೀಲಿಮಣೆಯಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಿದ್ದರು.

ನಾಸಿಕಕ್ಕೆ ಬಂದು ಸರ್‌ಗೆ ಹೇಳಿದೆ. ಅವರು ಅರ್ಧ ಗಳಿಗೆಯಲ್ಲಿ ಉಪಾಯ ಹೇಳಿದರು. ಮೇಲೆ ಒಂದು ಲಿಂಕ್ ಕೊಡೋಣ, ಕಣ್ಣು ಕಾಣದವರಿಗೆ ಬೇರೆ ಪುಟ, ಬರೀ ಅಕ್ಷರ, ಎಲ್ಲ ಒಂದರ ಕೆಳಗೆ ಒಂದು. ಎರಡು ದಿನದ ಕೆಲಸ. ನನಗೂ ಅದು ಸರಿಯೆನಿಸಿತು. ಅತ್ಯಾಗೆ ಫೋನ್ ಮಾಡಿದೆ.

"ಬ್ಯಾಡ," ಎಂದರು. ಹೂಂ ಎನ್ನಲಿಲ್ಲ.

"ಯಾಕ್ರಿ ಅತ್ಯಾ? ನಿಮಗ ಹಗೂರ ಆಗ್ತದ."

"ನನಗಽ ಅಂತ ಒಂದು ಪುಟ ಮಾಡಿದ್ರ ಅದನ್ನ ಯಾರು ನೋಡ್ತಾರ? ಎಲ್ಲಾರ ಪುಟದಾಗ ಹೊಸಾದು ಏನರೆ ಬಂದ್ರ ನನ್ನ ಪುಟಕ್ಕ ಯಾರು ಹಾಕ್ತಾರ? ಅದೂ ರೆಕಾರ್ಡ್ ರೂಮಽ ನೋಡವಾ, ಮ್ಯಾಲಿನ ರೂಮ್ ಬಿಟ್ಟು ಕೆಳಗಿನ ರೂಮ್ ಅಷ್ಟ. ಎಲ್ಲಾರಿಗೂ ಇರೂದು ನನಗಿರ್ಲಿ. ಆಗೂದಿಲ್ಲಂದ್ರ ಬಿಡು, ಇಲ್ಲೆ ಮ್ಯಾಲೆ ಗಾಳಿ ಚಲೋ ಬರ್ತದ."

ಬಾಣದ ಕೀಲಿಯನ್ನು ಅವರಿಗೆ ಕಲಿಸಿಬಿಡಬಹುದಿತ್ತು. ಐದು ನಿಮಿಷದ ಮಾತು. ಆದರೆ ಬೇರೆ ಶಾಖೆಗಳಲ್ಲೂ ಇಂಥ ನೌಕರರಿರುತ್ತಾರೆ, ಅವರಿಗೆ ಫೋನ್ ಮಾಡುವ ಸೊಸೆಯಾಗಲಿ ಮಗಳಾಗಲಿ ಇರುವುದಿಲ್ಲ. ಕಲಿಸಿದ ಮೇಲೂ ಗಡಿಬಿಡಿಯ ಹೊತ್ತಿನಲ್ಲಿ, ಆ ಕಡೆ ಗ್ರಾಹಕ ಕಾಯುತ್ತಿರುವಾಗ, ಬೆರಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ನೋಡಿ ಬಂದಿದ್ದೆ. ಟ್ಯಾಬ್‌ಗಳನ್ನು ತಿದ್ದುವುದನ್ನು ಬಿಟ್ಟೆ. ತೆಗೆದುಹಾಕುವುದೆಂದು ನಿರ್ಧರಿಸಿದೆ, ಎಲ್ಲರಿಗೂ. ಅದರ ಜೊತೆಗೆ, ವರದಿಯ ಆ ಸಾಲು ತಪ್ಪೆಂದು ಬ್ಯಾಂಕಿಗೆ ಬರೆಯಬೇಕು.

ಸರ್ ಮೊದಲನೆಯದಕ್ಕೆ ಮುಖ ಗಂಟಿಕ್ಕಿದರು, ಎರಡನೆಯದಕ್ಕೆ ಎದ್ದು ನಿಂತರು. "ಅಗಂ, ನಮ್ಮ ಕೈಯಾರೆ ನಮ್ಮ ಪುಟ ಕೆಟ್ಟಿದೆ ಅಂತ ಬರೆಯೋದಾ? ಅವರು ಹೌದು ಅಂದಿದ್ದು ನೀನೇ ಹೇಳಿದ್ದಲ್ವಾ?" ಎಂದು ಮರಾಠಿಯಲ್ಲಿ ಕೇಳಿದರು.

"ಹೌದು ಅನ್ನಲಿಲ್ಲ ಸರ್. ಹೂಂ ಅಂದರು."

"ದೋನ್ಹೀ ಏಕಚ್!" ಎರಡೂ ಒಂದೇ, ಎಂದರು.

ಒಂದೇ ಅಲ್ಲ ಎಂಬುದನ್ನು ಮರಾಠಿಯಲ್ಲಿ ಅವರಿಗೆ ತಿಳಿಯುವಂತೆ ಹೇಳಲು ನನ್ನಿಂದ ಆಗಲಿಲ್ಲ. ಕೊನೆಗೆ ಕಾಗದವನ್ನು ನನ್ನ ಹೆಸರಿನಲ್ಲೇ ಬರೆದೆ: ಪರೀಕ್ಷೆ ನಡೆದ ರೀತಿ ಸರಿಯಿರಲಿಲ್ಲ, ದೋಷ ಪುಟದ್ದು, ನೌಕರರದ್ದಲ್ಲ. ಸರ್ ಅದನ್ನು ಕಳಿಸಬೇಡ ಎನ್ನಲಿಲ್ಲ, ಕಳಿಸು ಎಂದೂ ಹೇಳಲಿಲ್ಲ; ನಾನು ಕಳಿಸಿದೆ. ಅದಾದ ಮೇಲೆ ಬಹಳ ದಿನ ಅವರು ನನ್ನ ಮೇಜಿನ ಹತ್ತಿರ ಬರುವುದನ್ನು ಬಿಟ್ಟರು.

ಟ್ಯಾಬ್ ತೆಗೆಯಲು ಸರ್ ಒಪ್ಪಿದ ಮೇಲೆ ಕಟ್ಟಿದ ಹೊಸ ಪುಟ ನೋಡಲು ಸಾದಾ ಆಗಿತ್ತು. ನಾಲ್ಕು ಭಾಗಗಳೂ ತೆರೆದೇ ಇರುತ್ತಿದ್ದವು, ಒಂದರ ಕೆಳಗೆ ಒಂದು, ಪ್ರತಿಯೊಂದಕ್ಕೂ ತಲೆಬರಹ. ತಲೆಬರಹದಿಂದ ತಲೆಬರಹಕ್ಕೆ ಹಾರಲು ಸ್ಕ್ರೀನ್ ರೀಡರಿನಲ್ಲಿ ಒಂದು ಕೀಲಿ ಮೊದಲಿನಿಂದಲೂ ಇದೆ, ಅತ್ಯಾಗೆ ಅದು ಗೊತ್ತಿತ್ತು. ಮೇಲೆ "ಈ ದೂರಿನಲ್ಲಿ" ಎಂದು ನಾಲ್ಕು ಲಿಂಕ್. ಒತ್ತಿದರೆ ಆ ಭಾಗಕ್ಕೆ ಇಳಿಯುತ್ತದೆ, ಇಳಿದೆನೆಂದು ಓದಿ ಹೇಳುತ್ತದೆ. ವಿನ್ಯಾಸಕ ಇದು ಪಡಿತರ ಅಂಗಡಿಯ ಫಲಕದಂತಿದೆ ಎಂದ. ಕೌಂಟರಿನವರು ಪುಟ ಉದ್ದವಾಯಿತೆಂದು ಮೊದಲು ಗೊಣಗಿ, ಎಲ್ಲವೂ ಒಟ್ಟಿಗೆ ಪ್ರಿಂಟ್ ಆಗುತ್ತದೆ ಎಂದು ಗೊತ್ತಾದ ಮೇಲೆ ಸುಮ್ಮನಾದರು. ಈ ಸಲದ ಪರೀಕ್ಷೆಗೆ ನಾನು ಮತ್ತೆ ಬಸ್ಸು ಹಿಡಿದು ಹೋದೆ. ಕೇಳಿಸಿತೇ ಎಂದು ಕೇಳಲಿಲ್ಲ. ಏನು ಕೇಳಿಸಿತು, ನನಗೆ ಹೇಳಿ ಎಂದೆ. ಅತ್ಯಾ ಹೇಳಿದರು, ನಾಲ್ಕನ್ನೂ.

ಅವರು ಫೋನಿನ ಮೇಜಿಗೆ ಮರಳಿದರು. ಆದರೆ ಅವರ ಪ್ರತಿ ಉತ್ತರವನ್ನೂ ಪಕ್ಕದ ಮೇಜಿನವರು ಒಮ್ಮೆ ನೋಡಬೇಕೆಂದು ಮ್ಯಾನೇಜರು ಹೇಳಿಟ್ಟಿದ್ದರು, ಸದ್ಯಕ್ಕೆ. ಆ ಸದ್ಯಕ್ಕೆ ಎಂಬುದು ಅವರು ನಿವೃತ್ತರಾಗುವವರೆಗೂ ಮುಗಿಯಲಿಲ್ಲ. ಗ್ರಾಹಕರಿಗೆ ಉತ್ತರ ಹೇಳಿ, "ಏಕ್ ಮಿನಿಟ್ ಹಂ, ಪಕ್ಕಾ ಕರತೇ" ಎಂದು, ಖಚಿತ ಮಾಡಿಕೊಳ್ಳುತ್ತೇನೆ ಎಂದು, ಫೋನನ್ನು ಅಂಗೈಯಿಂದ ಮುಚ್ಚಿ ಪಕ್ಕಕ್ಕೆ ತಿರುಗುವ ರೂಢಿಯಾಯಿತು. ಮನೆಯಲ್ಲೂ, ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಕೇಳುವುದನ್ನು ನಾನು ನೋಡಿದ್ದೇನೆ. ಅದು ವಯಸ್ಸಿನದೂ ಇರಬಹುದು.

ಹೋದ ದೀಪಾವಳಿಗೆ ಅವರು ನಮ್ಮ ಮನೆಗೆ ಬಂದಿದ್ದರು. ಅಡುಗೆಮನೆಯಲ್ಲಿ ಕೂತು ಅವಲಕ್ಕಿ ಚೂಡಾಕ್ಕೆ ಕೊಬ್ಬರಿ ಹೆಚ್ಚುತ್ತಿದ್ದರು, ಕಾಣುವವರಿಗಿಂತ ತೆಳ್ಳಗೆ. ನಾನು ಪಕ್ಕದಲ್ಲಿ ಕೂತು ಹಳೆಯದೆಲ್ಲ ತೆಗೆದೆ. ಆ ಪುಟ ನೆನಪದೇನ್ರಿ ಎಂದೆ. ಹೂಂ ಎಂದರು. ನಾನು ನಾಸಿಕದಿಂದ ಫೋನ್ ಮಾಡಿದ್ದೆ. ಹೂಂ. ನೀವು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಇದ್ದಿರಿ. ಹೂಂ. ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಹೂಂ. ಆಮೇಲೆ ನಾನು ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ. ಚಾಕು ನಿಂತಿತು. ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹೆಚ್ಚಿದ ಕೊಬ್ಬರಿಯನ್ನು ಬೆರಳಿನಿಂದ ತಡವಿ ತಡವಿ ತಾಟಿನ ಒಂದು ಬದಿಗೆ ಸರಿಸಿದರು. ಮೊನ್ನೆ ಫೋನಿನಲ್ಲಿಯೂ ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದು ಅಡುಗೆಮನೆಯಲ್ಲಿ ನಾನು ಕೇಳಿದ್ದು ಇಷ್ಟೇ:

"ಅತ್ಯಾ, ಅವತ್ತು ನೀವು ಅಂದದ್ದು ಕೇಳಸ್ತದ ಅನ್ನೂ ಹೂಂ ಏನ್ರಿ, ನೀ ಹೇಳು ಅನ್ನೂ ಹೂಂ ಏನ್ರಿ, ಇಲ್ಲಾ ನನ್ನ ಸಲುವಾಗಿ ಅಂದ ಹೂಂ?"